ಲಿನಕ್ಸ್‌ನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್: ಮುಕ್ತ ತಂತ್ರಾಂಶಗಳ ಚರಿತ್ರೆ

ಸಿಮ್ ಹಾಕಿದ ಡಾಂಗಲ್ ಅಥವಾ ಲ್ಯಾಪ್‌ಟಾಪಿನೊಳಗೇ ಕೂರಿಸಿದ ಮೋಡೆಮ್ ಮೂಲಕ ಲಿನಕ್ಸ್ ಕಂಪ್ಯೂಟರನ್ನು ಅಂತರಜಾಲಕ್ಕೆ ಸೇರಿಸುವ ಮುಕ್ತ ತಂತ್ರಾಂಶಗಳು ಹಲವು. ಈಗ ಈ ಕೆಲಸದ ಬಹುಪಾಲು ಹೊರೆ ಹೊತ್ತಿರುವುದು ಮೋಡೆಮ್‌ಮ್ಯಾನೇಜರ್.

ಆರಂಭದಲ್ಲಿ ಹೊಸ ತಂತ್ರಾಂಶವೇ ಬೇಕಿರಲಿಲ್ಲ. ಮೊಬೈಲ್ ಮೋಡೆಮ್ ಹಳೆಯ ದೂರವಾಣಿ ಮೋಡೆಮಿನ ವೇಷದಲ್ಲಿ ಬರುತ್ತಿತ್ತು. ಹೇಯ್ಸ್ ಕಂಪನಿ 1981ರಲ್ಲಿ ತನ್ನ ಸ್ಮಾರ್ಟ್‌ಮೋಡೆಮಿಗೆ ರೂಪಿಸಿದ ‘ಎಟಿ’ ಆದೇಶಗಳೇ ಅದಕ್ಕೂ ಸಾಕಾಗುತ್ತಿದ್ದವು. ಬಳಕೆದಾರರು ಕರೆ ಜೋಡಿಸುವ ಡಬ್ಲ್ಯುವಿಡಯಲ್ ತಂತ್ರಾಂಶದ ಸಂರಚನಾ ಕಡತದಲ್ಲಿ ಜಿಎಸ್‌ಎಂ ಜಾಲಕ್ಕೆ *99#, ಭಾರತದ ಸಿಡಿಎಂಎ ಡಾಂಗಲ್‌ಗಳಿಗೆ #777 ಎಂದು ಬರೆದು ‘ಕರೆ’ ಮಾಡುತ್ತಿದ್ದರು. ಉಳಿದದ್ದನ್ನು ಸಂಪರ್ಕ ನಿರ್ವಹಿಸುವ ಪಿಪಿಪಿಡಿ ತಂತ್ರಾಂಶ ನೋಡಿಕೊಳ್ಳುತ್ತಿತ್ತು. 3ಜಿ ವೇಗಕ್ಕೆ ಕರ್ನಲ್‌ನ ಸಾಮಾನ್ಯ ಯುಎಸ್‌ಬಿ ಸೀರಿಯಲ್ ಚಾಲಕ ಸಾಲದಾದಾಗ, ಮಥಿಯಾಸ್ ಉರ್ಲಿಕ್ಸ್ 2005ರಲ್ಲಿ ‘ಆಪ್ಷನ್’ ಚಾಲಕವನ್ನು ಬರೆದರು.

ನಿಜವಾದ ತೊಡಕು ಎದುರಾದದ್ದು ಇನ್ನೊಂದು ವೇಷದಿಂದ. ತಯಾರಕರು ವಿಂಡೋಸ್ ಚಾಲಕಗಳನ್ನು ಡಾಂಗಲ್‌ನೊಳಗೇ ತುಂಬಿಸಿ, ಚುಚ್ಚಿದೊಡನೆ ಅದು ಸಿಡಿ ಡ್ರೈವ್‌ನಂತೆ ಕಾಣಿಸುವ ಏರ್ಪಾಡು ಮಾಡಿದರು. ಲಿನಕ್ಸ್ ಸಿಡಿಯನ್ನು ತೆರೆದು ತೋರಿಸುತ್ತಿತ್ತು. ಮೋಡೆಮ್ ಮಾತ್ರ ಹೊರಗೆ ಬರುತ್ತಿರಲಿಲ್ಲ. ಜರ್ಮನಿಯ ಜೋಸುವಾ ಡೀಟ್ಸೆ 2007ರಲ್ಲಿ ಬರೆದ ಯುಎಸ್‌ಬಿ ಮೋಡ್‌ಸ್ವಿಚ್ ಈ ಗಂಟನ್ನು ಬಿಡಿಸಿತು. ವಿಂಡೋಸ್ ಚಾಲಕ ಡಾಂಗಲ್‌ಗೆ ಕಳಿಸುವ ಸಂದೇಶವನ್ನು ಯುಎಸ್‌ಬಿ ತಂತಿಯ ಮೇಲೆ ಕದ್ದಾಲಿಸಿ, ಅದನ್ನೇ ಲಿನಕ್ಸ್‌ನಿಂದ ಕಳಿಸಿದರೆ ‘ಸಿಡಿ’ ಮಾಯವಾಗಿ ಮೋಡೆಮ್ ಪ್ರತ್ಯಕ್ಷವಾಗುತ್ತಿತ್ತು. ಇಂಥ ಅನೇಕ ಸಂದೇಶಗಳು 55534243 ಎಂದು ಶುರುವಾಗುತ್ತವೆ: ಯು, ಎಸ್, ಬಿ, ಸಿ ಅಕ್ಷರಗಳ ಹೆಕ್ಸಾಡೆಸಿಮಲ್ ರೂಪ. ಒಂದೊಂದು ಮಾದರಿಗೂ ಬೇರೆ ಗುಟ್ಟು. ಅವನ್ನು ಪತ್ತೆಹಚ್ಚಿ ಕಳಿಸಿದವರಲ್ಲಿ ಸಾಮಾನ್ಯ ಬಳಕೆದಾರರೇ ಬಹಳ. ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಕೃತಜ್ಞತೆಯಿಂದ ನೆನೆಯಬೇಕಾದ ದುಡಿಮೆ ಇದು.

ಆಜ್ಞಾಸಾಲಿನ ಅಭ್ಯಾಸವಿಲ್ಲದವರಿಗೆ ಬಾಗಿಲು ತೆರೆದದ್ದು ಜಾಲ ಸಂಪರ್ಕಗಳನ್ನು ನಿರ್ವಹಿಸುವ, 2008ರ ಕೊನೆಯಲ್ಲಿ ಬಂದ ನೆಟ್‌ವರ್ಕ್‌ಮ್ಯಾನೇಜರ್ 0.7. ದೇಶ, ಸೇವಾದಾರರನ್ನು ಆರಿಸಿದರೆ ಸಾಕು, ಎಪಿಎನ್ (ಸೇವಾದಾರರ ಜಾಲದ ಪ್ರವೇಶದ ಹೆಸರು) ತಾನೇ ತುಂಬಿಕೊಳ್ಳುತ್ತಿತ್ತು. ಇದಕ್ಕೆ ಆಧಾರವಾಗಿದ್ದ, ಸ್ವಯಂಸೇವಕರು ಕಟ್ಟಿದ ದತ್ತಾಂಶ ಕೋಶದಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್ ಮುಂತಾದ ಭಾರತೀಯ ಸೇವೆಗಳಿಗೂ ಜಾಗವಿತ್ತು. ಮೋಡೆಮಿನೊಡನೆ ಮಾತಾಡುವ ಹೊಣೆಯನ್ನು ಪ್ರತ್ಯೇಕಿಸಲು ನೊವೆಲ್‌ನ ತಂಬೆತ್ ಇಂಗೊ ಅದೇ ವರ್ಷ ಮೋಡೆಮ್‌ಮ್ಯಾನೇಜರ್ ಆರಂಭಿಸಿದರು. ರೆಡ್ ಹ್ಯಾಟ್‌ನ ಡ್ಯಾನ್ ವಿಲಿಯಮ್ಸ್, ಆಮೇಲೆ ಅಲೆಕ್ಸಾಂಡರ್ ಮೊರ್ಗಾಡೊ ಅದನ್ನು ಬೆಳೆಸಿದರು, 1.0 ಆವೃತ್ತಿ ಬಂದದ್ದು 2013ರಲ್ಲಿ.

ಅಷ್ಟರಲ್ಲಿ ದೂರವಾಣಿಯ ವೇಷವೂ ಕಳಚತೊಡಗಿತ್ತು. ಮೋಡೆಮಿನೊಡನೆ ಮಾತಾಡುವ ಹೊಸ ವಿಧಾನಗಳಾದ ಕ್ವಾಲ್‌ಕಾಮ್‌ನ ಕ್ಯುಎಂಐ, 2011ರಲ್ಲಿ ಪ್ರಕಟವಾದ ಎಂಬಿಐಎಂ ಮಾನಕ ಇವೆರಡರಲ್ಲೂ ನಂಬರು ಒತ್ತುವ ನಾಟಕವಿಲ್ಲ. ದತ್ತಾಂಶ ನೇರವಾಗಿ ಜಾಲ ಸಂಪರ್ಕಸಾಧನದ ಮೂಲಕ ಹರಿಯುತ್ತದೆ. ಕರ್ನಲ್‌ನೊಳಗೆ ಬ್ಯೋರ್ನ್ ಮೋರ್ಕ್ ಅವರ ಕ್ಯುಎಂಐ ಚಾಲಕ 2012ರಲ್ಲಿ, ಎಂಬಿಐಎಂ ಚಾಲಕ 2013ರಲ್ಲಿ ಸೇರಿದವು. ಅವುಗಳ ಜೊತೆಗಾರ ತಂತ್ರಾಂಶ ಲೈಬ್ರರಿಗಳು ಲಿಬ್‌ಕ್ಯುಎಂಐ, ಲಿಬ್‌ಎಂಬಿಐಎಂ.

ಮೋಡೆಮ್‌ಮ್ಯಾನೇಜರ್‌ಗೆ ಒಂದು ಕೆಟ್ಟ ಚಾಳಿಯಿತ್ತು. ಸೀರಿಯಲ್ ಪೋರ್ಟ್ ಕಂಡಲ್ಲೆಲ್ಲ ಎಟಿ ಆದೇಶ ಕಳಿಸಿ ಪರೀಕ್ಷಿಸುತ್ತಿದ್ದುದರಿಂದ ಆರ್ಡುಯಿನೊ ಎಂಬ ಎಲೆಕ್ಟ್ರಾನಿಕ್ಸ್ ಫಲಕ ಬಳಸುವವರು ಬೇಸತ್ತಿದ್ದರು. ಅಂಥ ಸಾಧನಗಳನ್ನು ಮುಟ್ಟದಂತೆ ತಡೆಯುವ ನಿಯಮಗಳನ್ನು ಮುಂದೆ ಬಿಗಿಗೊಳಿಸಲಾಯಿತು.

2021ರ ಲಿನಕ್ಸ್ 5.13ರಲ್ಲಿ ಮೊಬೈಲ್ ಮೋಡೆಮ್‌ಗಳಿಗೆಂದೇ ಕರ್ನಲ್‌ನ ಉಪವ್ಯವಸ್ಥೆಯೊಂದು ಸೇರಿತು. ಡಾಂಗಲ್‌ಗಳಿಗಾಗಿ ಹುಟ್ಟಿದ ಮೋಡೆಮ್‌ಮ್ಯಾನೇಜರ್ ಈಗ ಪೈನ್‌ಫೋನ್‌ನಂಥ ಲಿನಕ್ಸ್ ಫೋನುಗಳಲ್ಲಿ ಕರೆ ಮತ್ತು ಎಸ್‌ಎಂಎಸ್‌ಗಳನ್ನೂ ನಿರ್ವಹಿಸುತ್ತಿದೆ.