ತಮ್ಮನ ಯೆಜ್ಡಿಯನ್ನು ನಿಲ್ಲಿಸಿಟ್ಟ ಪ್ರಸಂಗ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ನನ್ನಿಂದ ಇತಿಹಾಸದ ಪಾಠ ಕೇಳಿದವನು. ಈಗ ಕಾಡುಗೋಡಿಯ ಮೆಟ್ರೊ ನಿಲ್ದಾಣದಿಂದ ಕೂಗಳತೆ ದೂರದ ಬಹುಮಹಡಿ ಕಟ್ಟಡದಲ್ಲಿ ವಾಸ. ಉದ್ಯೋಗ ಮಾಹಿತಿ ತಂತ್ರಜ್ಞಾನದ್ದು. ಕಂಪನಿಯವರು ಅವನನ್ನು ಹತ್ತು ತಿಂಗಳ ಮಟ್ಟಿಗೆ ಜರ್ಮನಿಗೆ ಕಳುಹಿಸುತ್ತಿದ್ದಾರೆ. ಮನೆ, ಬ್ಯಾಂಕು, ಮಕ್ಕಳ ಶಾಲೆ ಎಲ್ಲಕ್ಕೂ ವ್ಯವಸ್ಥೆಯಾಗಿದೆಯಂತೆ. ಉಳಿದಿರುವ ಚಿಂತೆ ಒಂದೇ, ಅವನು ಬಹಳ ಆಸೆಪಟ್ಟು ಕೊಂಡು ರಿಪೇರಿ ಮಾಡಿಸಿಕೊಂಡಿರುವ 1989ರ ಯೆಜ್ಡಿ ಮೋಟಾರ್‌ಸೈಕಲ್ಲು.

“ಸರ್, ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿಸಿಟ್ಟು ಹೋಗಬೇಕೋ, ಖಾಲಿ ಮಾಡಿ ಹೋಗಬೇಕೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಿಮ್ಮ ಮನೆಯಲ್ಲೂ ಹಿಂದೆ ಯೆಜ್ಡಿ ಇತ್ತಲ್ಲವೇ?” ಎಂದು ಕೇಳಿದ.

ಇತ್ತು. ನನ್ನದಲ್ಲ, ನನ್ನ ತಮ್ಮನದು. ಅದನ್ನು ಎರಡು ವರ್ಷ ಕಾಪಾಡುವ ಹೊಣೆ ಮಾತ್ರ ನನ್ನದಾಗಿತ್ತು. ಆ ಹೊಣೆಯನ್ನು ನಾನು ನಿರ್ವಹಿಸಿದ ರೀತಿಯನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ. ಈಗ ಬರೆಯುತ್ತೇನೆ. ಆದರೆ ಇತಿಹಾಸದ ಮೇಷ್ಟರಾದ್ದರಿಂದ ಸ್ವಲ್ಪ ಹಿಂದಿನಿಂದ ಆರಂಭಿಸುವುದು ನನ್ನ ದುರಭ್ಯಾಸ, ಓದುಗರು ಸಹಿಸಿಕೊಳ್ಳಬೇಕು.

1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಶಸ್ತ್ರಾಸ್ತ್ರ ತಯಾರಕರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ಎರಡು ಹೆಸರುಗಳ ಮೊದಲ ಎರಡೆರಡು ಅಕ್ಷರ ಸೇರಿ ‘ಜಾವಾ’ ಆಯಿತು. ಇಂಡೋನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. (ಪರೀಕ್ಷೆಯಲ್ಲಿ ಹಾಗೆ ಬರೆದಿದ್ದ ಒಬ್ಬ ಹುಡುಗನಿಗೆ ಕಲ್ಪನಾಶಕ್ತಿಗಾಗಿ ಅರ್ಧ ಅಂಕ ಕೊಟ್ಟಿದ್ದೆ.) ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಆ ಕಾರ್ಖಾನೆಯನ್ನು ವಶಪಡಿಸಿಕೊಂಡಾಗ ಅಲ್ಲಿನ ಇಂಜಿನಿಯರುಗಳು ಯುದ್ಧಾನಂತರದ ದಿನಗಳಿಗೆಂದು 250 ಸಿಸಿಯ ಹೊಸ ಗಾಡಿಯೊಂದನ್ನು ಗುಟ್ಟಾಗಿ ರೂಪಿಸಿದರು. 1946ರಲ್ಲಿ ಅದು ಬೆಳಕಿಗೆ ಬಂತು. ನಮ್ಮ ಮೈಸೂರಿನ ಜಾವಾ ಆ ವಂಶದ್ದು. ಎಂದರೆ, ಬಚ್ಚಿಟ್ಟುಕೊಂಡು ಒಳ್ಳೆಯ ಕಾಲಕ್ಕಾಗಿ ಕಾಯುವುದು ಅದರ ರಕ್ತದಲ್ಲೇ ಇತ್ತು.

ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಗಾಡಿಗಳು ಹೊರಬಂದವು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ ಪ್ರೋತ್ಸಾಹ ಅದಕ್ಕಿತ್ತು. ಮೈಸೂರಿನಲ್ಲಿ ನಾನು ಓದುತ್ತಿದ್ದಾಗ ಸಂಜೆಯ ವೇಳೆ ಕಾರ್ಖಾನೆಯ ಕಡೆಯಿಂದ ಬರುತ್ತಿದ್ದ ಡುಗುಡುಗು ಶಬ್ದ ಇನ್ನೂ ಕಿವಿಯಲ್ಲಿದೆ. 1973ರ ನಂತರ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. ಇರಾನಿಗಳ ಮೂಲನೆಲದ ಯಜ್ದ್ ನಗರದಿಂದ ಆ ಹೆಸರು ಬಂತೆನ್ನುತ್ತಾರೆ.

ಈ ಗಾಡಿಯನ್ನು ನಿಲ್ಲಿಸಿಡುವ ಕ್ರಮ ತಿಳಿಯಬೇಕಾದರೆ ಅದರ ಒಳಗನ್ನು ತುಸು ಅರಿಯಬೇಕು. ಅದು ಟೂ-ಸ್ಟ್ರೋಕ್ ಇಂಜಿನ್ನು. ಕ್ರ್ಯಾಂಕಿಗೆ, ಪಿಸ್ಟನ್ನಿಗೆ ಎಣ್ಣೆ ಒದಗಿಸುವ ಬೇರೆ ತೊಟ್ಟಿ ಅದರಲ್ಲಿಲ್ಲ; ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಇಂಜಿನ್ನು ಓಡುತ್ತಿರುವಷ್ಟು ಕಾಲ ಪೆಟ್ರೋಲಿನ ಜೊತೆಗೆ ಬಂದ ಎಣ್ಣೆ ಒಳಗನ್ನೆಲ್ಲ ನೆನೆಸುತ್ತಿರುತ್ತದೆ. ನಿಂತ ಮೇಲೆ ಆ ತೆಳುಪೊರೆ ನಿಧಾನವಾಗಿ ಇಳಿದುಹೋಗುತ್ತದೆ. ಬೇರಿಂಗು, ಸಿಲಿಂಡರು ಬರಿಮೈಯಲ್ಲಿ ಗಾಳಿಯ ತೇವಕ್ಕೆ ಒಡ್ಡಿಕೊಳ್ಳುತ್ತವೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಎಣ್ಣೆ ಮಾತ್ರ ಅಂಟಂಟಾಗಿ ಉಳಿದು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಓಡುವಾಗ ಇಷ್ಟು ಗಟ್ಟಿಯಾದ ಯಂತ್ರ ನಿಂತಾಗ ಇಷ್ಟು ಸುಲಭವಾಗಿ ಕೆಡುತ್ತದೆಂದು ನನಗೆ ಆಗ ತಿಳಿದಿರಲಿಲ್ಲ.

1988ರಲ್ಲಿ ತಮ್ಮನಿಗೆ ಕುವೈತಿನಲ್ಲಿ ಫಿಟ್ಟರ್ ಕೆಲಸ ಸಿಕ್ಕಿತು. ಆಗಿನ ಕಾಡುಗೋಡಿಯನ್ನು ಇಂದಿನ ಮಕ್ಕಳು ಊಹಿಸಲಾರರು. ವೈಟ್‌ಫೀಲ್ಡ್ ಎಂಬ ಹೆಸರಿನ ರೈಲು ನಿಲ್ದಾಣ ನಮ್ಮೂರಿನಲ್ಲೇ ಇದ್ದರೂ ಊರಿಗೆ ಪೇಟೆಯ ಲಕ್ಷಣವಿರಲಿಲ್ಲ. ಸಾಯಿಬಾಬಾ ಆಶ್ರಮಕ್ಕೆ ಬರುವ ವಿದೇಶೀಯರನ್ನು ಬಿಟ್ಟರೆ ಹೊರಗಿನವರು ಅಪರೂಪ. ಸಂಜೆ ಕಳೆದ ಮೇಲೆ ಬಸ್ಸನ್ನು ನಂಬುವಂತಿರಲಿಲ್ಲ. ಅಂಥ ಊರಿನಲ್ಲಿ ಸ್ವಂತ ಮೋಟಾರ್‌ಸೈಕಲ್ಲೆಂದರೆ ಕೆಲಸ ಹುಡುಕಬಲ್ಲ ದೂರವನ್ನು ಮೂರರಷ್ಟು ಮಾಡಿಕೊಂಡಂತೆ. ಅವನು ಸೆಕೆಂಡ್‌ಹ್ಯಾಂಡ್ ಗಾಡಿಯನ್ನು ಸಾಲ ಮಾಡಿ ಕೊಂಡಿದ್ದ. ಸಾಲ ತೀರಿದ ವರ್ಷವೇ ವೀಸಾ ಬಂತು. ಮಾರಿಬಿಡು ಎಂದೆ. “ಬಂದ ಮೇಲೆ ಬೇಕಾಗುತ್ತದಲ್ಲ ಅಣ್ಣ” ಎಂದ.

ಹೊರಡುವ ಮುನ್ನಾದಿನ ಊರಿನ ಮೆಕ್ಯಾನಿಕ್ ಒಬ್ಬರನ್ನು ಕರೆತಂದು ನನ್ನೆದುರೇ ಎಲ್ಲವನ್ನೂ ಹೇಳಿಸಿದ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಟ್ಯಾಂಕಿನ ಕತ್ತಿನವರೆಗೆ ತುಂಬಿಸಬೇಕು, ಒಳಗೆ ಗಾಳಿಗೆ ಜಾಗವಿರಬಾರದು. ಜಾಗವಿದ್ದರೆ ರಾತ್ರಿಯ ತಂಪಿಗೆ ಒಳಗೋಡೆ ಬೆವರಿ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಕಾಕನ್ನು ಮುಚ್ಚಿ, ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನು ಬರಿದು ಮಾಡಬೇಕು. ಪ್ಲಗ್ಗು ಬಿಚ್ಚಿ ಎರಡು ಚಮಚ ಎಣ್ಣೆ ಬಿಟ್ಟು ನಿಧಾನವಾಗಿ ಕಿಕ್ಕರ್ ಒತ್ತಿ, ಪ್ಲಗ್ಗನ್ನು ಮತ್ತೆ ಹಾಕಬೇಕು. ಆರು ವೋಲ್ಟಿನ ಬ್ಯಾಟರಿಯನ್ನು ಕಳಚಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು. ಎರಡೂ ಸೈಲೆನ್ಸರುಗಳ ಬಾಯಿಗೆ ಎಣ್ಣೆಬಟ್ಟೆ ತುರುಕಬೇಕು. ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹತ್ತಿಬಟ್ಟೆ ಹೊದಿಸಬೇಕು. ತಿಂಗಳಿಗೊಮ್ಮೆ ಕಿಕ್ಕರನ್ನು ಒತ್ತಿ ಪಿಸ್ಟನ್ನನ್ನು ಆಡಿಸಬೇಕು, ಆದರೆ ಸ್ಟಾರ್ಟ್ ಮಾಡಬಾರದು. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಸೈಲೆನ್ಸರಿನೊಳಗೆ ನೀರು ಕಟ್ಟುವುದಷ್ಟೇ ಲಾಭ.

ಎಲ್ಲಕ್ಕೂ ತಲೆಯಾಡಿಸಿದೆ. ಗಾಡಿಯ ಕೀಲಿಯನ್ನು ಮಾತ್ರ ತಮ್ಮ ತನ್ನೊಂದಿಗೇ ಒಯ್ದ. ಆ ಕೀಲಿಯೋ, ಹೆಡ್‌ಲೈಟಿನ ಮೇಲೆ ಚುಚ್ಚುವ ಒಂದು ಮೊಳೆಯಂಥದ್ದು. ಅದು ಕಳೆದರೆ ನಿಜವಾದ ಮೊಳೆಯನ್ನೇ ಚುಚ್ಚಿ ಓಡಿಸಿದವರುಂಟು.

ಗಾಡಿಯನ್ನು ಇಟ್ಟದ್ದು ಅಡುಗೆಮನೆಗೆ ಹೊಂದಿಕೊಂಡ ಕೋಣೆಯಲ್ಲಿ. ಪಕ್ಕದಲ್ಲೇ ಸೀಮೆಎಣ್ಣೆ ಸ್ಟೌ. ತುಂಬಿದ ಟ್ಯಾಂಕನ್ನು ನೆನೆದು ಒಂದು ವಾರ ನನಗೆ ನಿದ್ರೆ ಬರಲಿಲ್ಲ. ಎಂಟನೆಯ ದಿನ ಪೆಟ್ರೋಲನ್ನೆಲ್ಲ ಕ್ಯಾನಿಗೆ ಇಳಿಸಿ ನೆರೆಮನೆಯವರ ಸ್ಕೂಟರಿಗೆ ಕೊಟ್ಟುಬಿಟ್ಟೆ. ಬುದ್ಧಿವಂತಿಕೆ ಮಾಡಿದೆನೆಂದೇ ಭಾವಿಸಿದ್ದೆ. ಹತ್ತಿಬಟ್ಟೆಗೆ ಧೂಳು ಹಿಡಿಯುತ್ತದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಬಿಗಿದೆ. ಬ್ಯಾಟರಿಯನ್ನು ಮುಂದಿನ ವಾರ ಕಳಚೋಣವೆಂದು ಬಿಟ್ಟೆ. ಕೆಲವು ತಿಂಗಳು ಕಿಕ್ಕರ್ ಒತ್ತಿದ್ದುಂಟು. ಆಮೇಲೆ 1989ರ ನವೆಂಬರಿನ ಚುನಾವಣಾ ಕರ್ತವ್ಯ, ಅದರ ಹಿಂದೆಯೇ ಪರೀಕ್ಷೆಗಳು, ಮನೆಯಲ್ಲಿ ಕಾಯಿಲೆ. ಕಾರಣಗಳ ವಿಷಯದಲ್ಲಿ ಶಾಲಾ ಮಾಸ್ತರರಿಗೆ ಬಡತನವಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಂದಿನಿಂದ ಪತ್ರವಿಲ್ಲ, ಫೋನಿಲ್ಲ. ವಿದೇಶಾಂಗ ಸಚಿವ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ಹೋದರು. ಸದ್ದಾಂ ಹುಸೇನರು ಅವರನ್ನು ಆಲಿಂಗಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂತು. ಅದನ್ನು ಬಹಳ ಜನ ಟೀಕಿಸಿದರು. ನಮ್ಮ ತಾಯಿ ಮಾತ್ರ ಆ ಚಿತ್ರವನ್ನು ಕತ್ತರಿಸಿ ದೇವರ ಮನೆಯಲ್ಲಿಟ್ಟರು. ಭಾರತೀಯರು ಬಾಗ್ದಾದಿನ ಮೂಲಕ ಬಸ್ಸುಗಳಲ್ಲಿ ಜೋರ್ಡಾನ್ ಗಡಿ ಸೇರಿ, ಬಿಡಾರಗಳಲ್ಲಿ ಕಾದು, ಅಮ್ಮಾನಿನಿಂದ ಮುಂಬಯಿಗೆ ವಿಮಾನದಲ್ಲಿ ಬಂದರು. ಸುಮಾರು ಎರಡು ತಿಂಗಳಲ್ಲಿ 488 ವಿಮಾನಗಳು, 1,70,000ಕ್ಕೂ ಹೆಚ್ಚು ಜನ. ಜಗತ್ತಿನ ನಾಗರಿಕ ವಿಮಾನಯಾನದಲ್ಲಿ ಅಷ್ಟು ದೊಡ್ಡ ತೆರವು ಅದಕ್ಕೆ ಮೊದಲು ನಡೆದಿರಲಿಲ್ಲ.

ಆ ಜನರಲ್ಲಿ ನನ್ನ ತಮ್ಮನೂ ಒಬ್ಬ. ಸೆಪ್ಟೆಂಬರಿನ ಒಂದು ರಾತ್ರಿ ಒಂದು ಕೈಚೀಲ ಹಿಡಿದು ಬಂದ. ಎರಡು ವರ್ಷದ ಗಳಿಕೆಯಲ್ಲಿ ಊರಿಗೆ ಕಳುಹಿಸಿದ್ದರಿಂದ ತಂಗಿಯ ಮದುವೆಯಾಗಿತ್ತು. ಉಳಿದದ್ದು ಅಲ್ಲಿಯ ಬ್ಯಾಂಕಿನಲ್ಲೇ ಉಳಿಯಿತು. ಇಲ್ಲಿ ಅವನದೆಂಬ ಆಸ್ತಿ ಆ ಗಾಡಿಯೊಂದೇ.

ಬೆಳಗ್ಗೆ ಕಾಫಿಗೂ ಕಾಯದೆ ಕೋಣೆಯ ಬಾಗಿಲು ತೆರೆದ. ನಾನು ಹಿಂದೆ ನಿಂತಿದ್ದೆ. ಪ್ಲಾಸ್ಟಿಕ್ ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳಿದ್ದವು. ರಿಮ್ಮಿನ ಕ್ರೋಮ್ ಎದ್ದು ಹುಪ್ಪಳೆಯಾಗಿತ್ತು. ಬ್ಯಾಟರಿಯ ಆಸಿಡ್ ಸೋರಿ ಕೆಳಗಿನ ತಗಡು ತೂತಾಗಿತ್ತು, ಸೀಟಿನೊಳಗೆ ಇಲಿ ಮರಿ ಹಾಕಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ. ಒಳಗೆಲ್ಲ ಇಟ್ಟಿಗೆಯ ಬಣ್ಣ. ಕಿಕ್ಕರ್ ಮೇಲೆ ಕಾಲಿಟ್ಟ. ಅದು ಅಲುಗಲಿಲ್ಲ. ಜೇಬಿನಿಂದ ಆ ಮೊಳೆಯಂಥ ಕೀಲಿಯನ್ನು ತೆಗೆದು ಹೆಡ್‌ಲೈಟಿಗೆ ಚುಚ್ಚಿ, ಮತ್ತೆ ತೆಗೆದು ಜೇಬಿಗಿಟ್ಟುಕೊಂಡ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮುಂದಿನ ಹನ್ನೊಂದು ದಿನ ಶಾಲೆಯಿಂದ ಬಂದೊಡನೆ ನಾನೂ ಅವನ ಜೊತೆ ಕುಳಿತೆ. ಪ್ಲಗ್ಗಿನ ರಂಧ್ರದಿಂದ ಡೀಸೆಲ್ಲೂ ಎಣ್ಣೆಯೂ ಬೆರೆಸಿ ಸುರಿದು ಮೂರು ದಿನ ಬಿಟ್ಟೆವು. ನಾಲ್ಕನೆಯ ದಿನ ಹಿಂದಿನ ಚಕ್ರವನ್ನು ಗೇರಿನಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಿದಾಗ ಒಳಗಿನಿಂದ ಒಂದು ಸಣ್ಣ ಟಕ್ ಶಬ್ದ ಬಂದು ಪಿಸ್ಟನ್ನು ಬಿಟ್ಟಿತು. ಟ್ಯಾಂಕಿಗೆ ಚೂಪು ಜಲ್ಲಿಯನ್ನೂ ಹಳೆಯ ನಟ್ಟುಗಳನ್ನೂ ಸೀಮೆಎಣ್ಣೆಯನ್ನೂ ಹಾಕಿ ಸರದಿಯ ಮೇಲೆ ಕುಲುಕಿದೆವು. ಉಳಿದ ತುಕ್ಕಿಗೆ ಹುಣಸೆಹುಳಿ ನೆನೆಸಿ ಹಾಕಲು ಹೇಳಿದವಳು ನನ್ನ ಹೆಂಡತಿ. ಹಿತ್ತಾಳೆಯ ಪಾತ್ರೆಗೆ ನಡೆಯುವುದು ಇದಕ್ಕೇಕೆ ನಡೆಯದು ಎಂಬುದು ಅವಳ ತರ್ಕ. ನಡೆಯಿತು. ಹನ್ನೊಂದನೆಯ ಸಂಜೆ ಇಡೀ ಬೀದಿಗೆ ನೀಲಿ ಹೊಗೆ ತುಂಬಿ ಯೆಜ್ಡಿ ಕೂಗಿತು. ಮುಂದಿನ ತಿಂಗಳು ತಮ್ಮನಿಗೆ ಮಹದೇವಪುರದ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿತು. ಎರಡನೆಯ ಪಾಳಿ; ರಾತ್ರಿ ಮನೆಗೆ ಬರಲು ಬೇರೆ ಸಾಧನವಿರಲಿಲ್ಲ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 1980ರ ದಶಕದ ಮಧ್ಯದಲ್ಲಿ ಜಪಾನೀ ಸಹಯೋಗದ 100 ಸಿಸಿ ಗಾಡಿಗಳು ಬಂದಾಗಲೇ ಪೆಟ್ರೋಲ್ ಕುಡಿಯುವ ಈ ದೊಡ್ಡ ಇಂಜಿನ್ನಿಗೆ ಕಷ್ಟಕಾಲ ಆರಂಭವಾಗಿತ್ತು. ಕಾರ್ಮಿಕರ ತಂಟೆ, ಹೊಗೆಯ ಹೊಸ ನಿಯಮಗಳು ಉಳಿದದ್ದನ್ನು ಮಾಡಿದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮತ್ತೆ ಬಂದಿವೆ. ಹೆಸರು ಅದೇ, ಇಂಜಿನ್ನು ಫೋರ್-ಸ್ಟ್ರೋಕ್. ಹಳೆಯ ಗಾಡಿಗಳ ಅಭಿಮಾನಿಗಳು ಬೆಂಗಳೂರಿನಲ್ಲಿ ಬಹಳ ಇದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಕೂಡುತ್ತಾರೆ.

ಇನ್ನು ವಿದ್ಯಾರ್ಥಿಯ ಪ್ರಶ್ನೆ. ಮೆಕ್ಯಾನಿಕರು ಹೇಳಿದ್ದು 1988ರ ಪೆಟ್ರೋಲಿಗೆ ಸರಿ. ಈಗ ಬಂಕಿನಲ್ಲಿ ಸಿಗುವುದು ಆ ಪೆಟ್ರೋಲಲ್ಲ. ಸೀಸ ಬೆರೆಸುವುದು 2000ದಲ್ಲಿ ನಿಂತಿತು. 2003ರಿಂದ ಎಥೆನಾಲ್ ಬೆರೆಸತೊಡಗಿದರು. 2022ರಲ್ಲಿ ಅದು ಶೇಕಡಾ 10, 2025ರಲ್ಲಿ ಶೇಕಡಾ 20 ಆಯಿತು. (ಹೊಸ ಯೋಚನೆಯೇನಲ್ಲ, ಪೆಟ್ರೋಲಿಗೆ ಮದ್ಯಸಾರ ಬೆರೆಸಲು 1948ರಲ್ಲೇ ಕಾಯಿದೆಯಾಗಿತ್ತು.) ಎಥೆನಾಲು ಗಾಳಿಯ ತೇವವನ್ನು ಹೀರುತ್ತದೆ. ಬಹಳ ದಿನ ನಿಂತರೆ ನೀರನ್ನು ಸೇರಿಸಿಕೊಂಡು ತಳದಲ್ಲಿ ಬೇರೆ ಪದರವಾಗಿ ಕೂರುತ್ತದೆ. ಹಳೆಯ ಗಾಡಿಯ ರಬ್ಬರನ್ನೂ ಕಾರ್ಬ್ಯುರೇಟರಿನ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಹತ್ತು ತಿಂಗಳಿಗೆ ಇಂಥ ಪೆಟ್ರೋಲನ್ನು ತುಂಬಿಸಿಡುವುದಕ್ಕಿಂತ ಪೂರ್ತಿ ಇಳಿಸುವುದೇ ಮೇಲು. ಆದರೆ ಖಾಲಿ ಟ್ಯಾಂಕನ್ನು ನಾನು ಬಿಟ್ಟಂತೆ ಬಿಡಬಾರದು: ಚೆನ್ನಾಗಿ ಒಣಗಿಸಿ, ಅರ್ಧ ಲೀಟರ್ ಟೂ-ಸ್ಟ್ರೋಕ್ ಎಣ್ಣೆ ಸುರಿದು, ಟ್ಯಾಂಕನ್ನು ಎಲ್ಲ ಮಗ್ಗುಲಿಗೂ ತಿರುಗಿಸಿ ಒಳಗೋಡೆಗೆಲ್ಲ ಹತ್ತುವಂತೆ ಮಾಡಿ, ಮಿಕ್ಕದ್ದನ್ನು ಇಳಿಸಬೇಕು. ನನ್ನ ತಪ್ಪು ಪೆಟ್ರೋಲ್ ತೆಗೆದದ್ದಲ್ಲ, ಒಳಗನ್ನು ಬರಿಮೈಯಲ್ಲಿ ಬಿಟ್ಟದ್ದು ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಉಳಿದಂತೆ ಆ ಮೆಕ್ಯಾನಿಕರು ಹೇಳಿದ ಒಂದೊಂದು ಮಾತೂ ಇಂದಿಗೂ ಸರಿಯೇ. ನೋಂದಣಿ ಪತ್ರದ ಮತ್ತು ವಿಮೆಯ ಅವಧಿ ಯಾವಾಗ ಮುಗಿಯುತ್ತದೆಂದು ಹೊರಡುವ ಮೊದಲೇ ನೋಡಿಕೊಳ್ಳಬೇಕೆಂಬುದು ನನ್ನ ಸೇರ್ಪಡೆ.

ತಮ್ಮನಿಗೆ ಈಗ ಎಪ್ಪತ್ತರ ಹತ್ತಿರ. ವಿಷಯ ತಿಳಿಸಿದಾಗ ತಾನೇ ಹೊಸಕೋಟೆಯಿಂದ ಬಂದು ಎಲ್ಲವನ್ನೂ ಮಾಡಿಕೊಡುವೆನೆಂದ. ಕಳೆದ ಭಾನುವಾರ ಬಂದ. ನೆಲಮಾಳಿಗೆಯಲ್ಲಿ ಮೂವರೂ ಸೇರಿ ಟ್ಯಾಂಕು ಇಳಿಸಿದೆವು. ಎಣ್ಣೆ ಹಾಕಿದ ಮೇಲೆ ಕಿಕ್ಕರನ್ನು ಅವನು ಕೈಯಿಂದಲೇ ಒತ್ತಿದ, ಕಾಲು ಈಗ ಅಷ್ಟು ಬಾಗುವುದಿಲ್ಲ. ಬ್ಯಾಟರಿಯನ್ನು ಯಾರ ಮನೆಯಲ್ಲಿಡುವುದೆಂಬ ಪ್ರಶ್ನೆ ಬಂದಾಗ “ಅಣ್ಣನ ಹತ್ತಿರ ಬೇಡಪ್ಪ” ಎಂದ. ಮೂವತ್ತೈದು ವರ್ಷಗಳಲ್ಲಿ ಆ ವಿಷಯವಾಗಿ ಅವನು ಆಡಿದ ಮೊದಲ ಮಾತು ಅದು. ಹುಡುಗ ಕೇಳಲಿಲ್ಲ, ನನಗೇ ಕೊಟ್ಟು ಹೋಗಿದ್ದಾನೆ. ಓದುವ ಮೇಜಿನ ಕೆಳಗೆ ಮಣೆಯ ಮೇಲಿಟ್ಟಿದ್ದೇನೆ. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ.