ತೊಡೆಯ ಉರಿ

ಆಗ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ನೆಲೆಯನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರರು ಬಂಡೆಯ ಮೇಲೊಂದು ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದುವು. ಅಶೋಕನೆಂಬ ಹೆಸರು ಮೊದಲು ಕಾಣಿಸಿದ್ದು ಇಲ್ಲಿ. ಬಿರುದು ಯಾರದೆಂಬ ಊಹೆ ಇದರಿಂದ ನಿಶ್ಚಯವಾಯಿತು. ವೈದ್ಯಶಾಸ್ತ್ರದ ಇತಿಹಾಸದಲ್ಲಿಯೂ ಹೀಗಾಗುವುದುಂಟು: ಲಕ್ಷಣವು ಮೊದಲು ತಿಳಿಯುವುದು, ಅದರ ಮೂಲವು ತಡವಾಗಿ ಗೊತ್ತಾಗುವುದು. ತೊಡೆಯ ಉರಿಯು ಅಂಥ ವ್ಯಾಧಿಗಳಲ್ಲೊಂದು.

ತೊಡೆಯ ಹೊರಮಗ್ಗುಲಲ್ಲಿ ಕೆಂಡ ತಗುಲಿದಂತೆ ಉರಿ, ಜೋಮು, ಕೆಲವೊಮ್ಮೆ ಉಟ್ಟ ಬಟ್ಟೆ ಸೋಕಿದರೂ ಸಹಿಸಲಾಗದಂಥ ನೋವು. ಬಹಳ ಹೊತ್ತು ನಿಂತರೆ, ನಡೆದರೆ ಹೆಚ್ಚು. ಕುಳಿತರೆ ಅನೇಕರಿಗೆ ಉಪಶಮನ. 1878ರಲ್ಲಿ ಜರ್ಮನಿಯ ಬರ್ನ್‌ಹಾರ್ಟ್ ಇದನ್ನು ಗಮನಿಸಿದರು. 1885ರಲ್ಲಿ ಹಾಗರ್ ಎಂಬವರು ತೊಡೆಯ ಚರ್ಮಕ್ಕೆ ಹೋಗುವ ಒಂದು ನರದ ಪೆಟ್ಟೇ ಇದಕ್ಕೆ ಕಾರಣವೆಂದರು. 1895ರಲ್ಲಿ ರಷ್ಯಾದ ರೋಟ್, ಗ್ರೀಕ್ ಭಾಷೆಯ ‘ತೊಡೆ’ ಮತ್ತು ‘ನೋವು’ ಎಂಬ ಪದಗಳನ್ನು ಕೂಡಿಸಿ ‘ಮೆರಾಲ್ಜಿಯಾ’ ಎಂದು ಹೆಸರಿಟ್ಟರು. ಅದೇ ವರ್ಷ ಫ್ರಾಯ್ಡ್ ತಮಗೇ ಬಂದಿದ್ದ ಈ ಬಾಧೆಯನ್ನು ಕುರಿತು ಬರೆದರು.

ಈ ನರವು ಸೊಂಟದ ಬೆನ್ನೆಲುಬಿನ ಬಳಿ ಹುಟ್ಟಿ, ಸೊಂಟದ ಮುಂದಣ ಎಲುಬಿನ ತುದಿಯ ಪಕ್ಕದಲ್ಲಿ, ತೊಡೆಸಂದಿನ ಬಿಗಿಯಾದ ಕಟ್ಟಿನಡಿ ನುಸುಳಿ ತೊಡೆಗೆ ಇಳಿಯುವುದು. ಅದು ಅಲ್ಲಿ ಒತ್ತಿಗೆ ಸಿಕ್ಕಿದರೆ ಉರಿಯು ತೊಡೆಯಲ್ಲಿ ತೋರುವುದು. ಎಂದರೆ, ನೋವಿನ ಸ್ಥಾನವೇ ರೋಗದ ಸ್ಥಾನವಲ್ಲ. ಸಿಂಧನೂರಿನ ಗದ್ದೆಯಲ್ಲಿ ಸೀರೆಯ ಒಳಲಂಗದ ಲಾಡಿಯನ್ನು ಬಿಗಿದು ದುಡಿಯುವ ಹೆಂಗಸಿಗೂ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಭಾರವಾದ ನಡುಪಟ್ಟಿ ಕಟ್ಟುವ ಕೆಲಸಗಾರನಿಗೂ ಇದು ಬರಬಹುದು. ಸ್ಥೂಲಕಾಯ, ಗರ್ಭಧಾರಣೆ, ಮಧುಮೇಹ, ಸೊಂಟದ ಭಾಗದ ಶಸ್ತ್ರಚಿಕಿತ್ಸೆ ಇವೂ ಕಾರಣಗಳು.

ಇದನ್ನರಿಯದೆ ಉರಿಯುವ ತೊಡೆಗೆ ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಅಪಾಯಕರ. ಬರೆಯ ಬಿಸಿಯು ತೊಡೆಸಂದಿನ ನರದ ಒತ್ತನ್ನು ಬಿಡಿಸಲಾರದು. ಜೋಮು ಹಿಡಿದ ಚರ್ಮಕ್ಕೆ ಸುಟ್ಟ ಆಳವೂ ತಿಳಿಯದು. ಮಧುಮೇಹಿಗಳಲ್ಲಿ ಆ ಗಾಯವು ಬೇಗ ಮಾಯುವುದಿಲ್ಲ.

ಚಿಕಿತ್ಸೆಯ ಮೊದಲ ಮೆಟ್ಟಿಲು ಸರಳವಾದುದು: ಉಡಿದಾರ, ಲಾಡಿ, ಪಟ್ಟಿಗಳನ್ನು ಸಡಿಲಿಸುವುದು, ಮೈತೂಕವನ್ನು ಇಳಿಸುವುದು, ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು. ಹಲವರಿಗೆ ಇಷ್ಟರಿಂದಲೇ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಗುಣವಾಗುವುದು. ಆಗದಿದ್ದರೆ ನರದ ನೋವಿಗೆ ಕೊಡುವ ಔಷಧಗಳೂ, ನರದ ಬಳಿ ಕೊಡುವ ಚುಚ್ಚುಮದ್ದೂ ಉಂಟು. ಶಸ್ತ್ರಚಿಕಿತ್ಸೆಯು ಅಪರೂಪ.

ಈ ನರವು ಸ್ಪರ್ಶಜ್ಞಾನಕ್ಕೆ ಮಾತ್ರ ಸೇರಿದ್ದು. ಸ್ನಾಯುಗಳನ್ನು ನಡೆಸುವುದು ಅದರ ಕೆಲಸವಲ್ಲ. ಆದುದರಿಂದ ಕಾಲಿನಲ್ಲಿ ಬಲ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ ಮೂಲವು ಬೇರೆಡೆ ಇದೆಯೆಂದು ತಿಳಿದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಣ್ಣಗೆಟ್ಟ, ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠದ ಪರೀಕ್ಷೆಯೂ ಅವಶ್ಯ. ಅದೂ ಇಂದು ಔಷಧದಿಂದ ವಾಸಿಯಾಗುವ ರೋಗ. ಆದುದರಿಂದ ಬೆಂಕಿಯನ್ನು ಹುಡುಕುವ ಮುನ್ನ ವೈದ್ಯರಲ್ಲಿ ಉರಿಯ ಮೂಲವನ್ನು ಕೇಳಿ ತಿಳಿಯುವುದೇ ವಿಹಿತವು.