ತೊಡೆ ಮುರಿದ ಮೇಲೆ

ಹೊಸಗನ್ನಡದಲ್ಲಿ ರುದ್ರನಾಟಕಕ್ಕೆ ಒಂದು ನೆಲೆ ಒದಗಿಸಿದವರು ನಮ್ಮ ತೆಂಗಿನ ಸೀಮೆಯಲ್ಲೇ ಹುಟ್ಟಿದವರು ಎಂದರೆ ಕೆಂಕೆರೆಯಲ್ಲಿ ಎಷ್ಟೋ ಜನ ನಂಬುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅದೇ ವರ್ಷ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಯಿತು. ಒಬ್ಬರು ಗ್ರೀಕ್ ಓದಿದ ಪ್ರೊಫೆಸರು, ಇನ್ನೊಂದು ಊರೂರು ತಿರುಗಿದ ಕಂಪನಿ. ಇಬ್ಬರೂ ಕೊನೆಗೆ ಬಂದು ನಿಂತದ್ದು ಕುರುಕ್ಷೇತ್ರದ ರಣರಂಗದಲ್ಲಿ.

ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ಆಡಿದ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ಆನೆ ಕುದುರೆಗಳೇ ಬಂದವು. ನಮ್ಮ ಹಳ್ಳಿಗಳಲ್ಲಿ ಆನೆ ಇಲ್ಲ, ಆದರೆ ಬೇಸಗೆ ಬಂದರೆ ಕುರುಕ್ಷೇತ್ರ ಇದ್ದೇ ಇದೆ. ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ಬಾಡಿಗೆ ಸೀನರಿ; ಸ್ತ್ರೀಪಾತ್ರಕ್ಕೆ ಮಾತ್ರ ಹೊರಗಿನಿಂದ ದುಡ್ಡು ಕೊಟ್ಟು ಕರೆಸಬೇಕು. ಭೀಮ ದುಶ್ಶಾಸನನ ಎದೆಯ ಮೇಲೆ ಕೂತಾಗ ಬಣ್ಣದ ನೀರು ಚೆಲ್ಲುತ್ತದೆ, ಶಿಳ್ಳೆ ಬೀಳುತ್ತದೆ.

ನಮ್ಮ ನಾಟ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಯುದ್ಧ, ಮರಣಗಳನ್ನು ಕಣ್ಣೆದುರು ತೋರಿಸಬಾರದು, ಮಾತಿನಲ್ಲಿ ತಿಳಿಸಬೇಕು ಎಂಬುದು ಅದರ ಕಟ್ಟಳೆ. ಗ್ರೀಕರಲ್ಲೂ ಸಾಮಾನ್ಯವಾಗಿ ಕೊಲೆ ಒಳಗೆ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ. ಭಾಸನ 'ಊರುಭಂಗ' ಮಾತ್ರ ಈ ಕಟ್ಟಳೆ ಮೀರಿ ತೊಡೆ ಮುರಿದ ದುರ್ಯೋಧನನನ್ನು ರಂಗದ ಮೇಲೇ ಸಾಯಿಸುತ್ತದೆ. ನನಗೆ ಕಟ್ಟಳೆಗಿಂತ ಭಾಸನೇ ಹತ್ತಿರ.

ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಕಾವ್ಯವನ್ನು 'ಗದಾಯುದ್ಧ ನಾಟಕಂ' ಎಂದು ರಂಗಕ್ಕೆ ತಂದರು. ರನ್ನನಿಗೆ ಭೀಮನೇ ನಾಯಕ. ಆಶ್ರಯ ಕೊಟ್ಟ ದೊರೆ ಸತ್ಯಾಶ್ರಯನನ್ನು ಅವನು ಭೀಮನಿಗೆ ಹೋಲಿಸಿದ್ದ. ಆದರೆ ಓದುವಾಗ ನಮ್ಮ ಮನಸ್ಸು ಹೋಗುವುದು ಗೆದ್ದವನ ಕಡೆಗಲ್ಲ. ಗದೆ ಊರಿಕೊಂಡು, ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ದುರ್ಯೋಧನನ ಕಡೆಗೆ. ದ್ರೋಣ, ತಮ್ಮ, ಮಗ, ಕರ್ಣ ಒಬ್ಬೊಬ್ಬರಾಗಿ ಕಣ್ಣಿಗೆ ಬೀಳುತ್ತಾರೆ. ಶತ್ರುವಿನ ಮಗ ಅಭಿಮನ್ಯುವನ್ನೂ ಅವನು ಕೊಂಡಾಡುತ್ತಾನೆ. ಆ ನಡಿಗೆಯಲ್ಲಿ ಒಂದು ಏಟೂ ಬೀಳುವುದಿಲ್ಲ, ಆದರೂ ಇಡೀ ಯುದ್ಧದ ಹಿಂಸೆ ಅಲ್ಲಿದೆ.

ವೈರಿ ವೈರಿಯನ್ನು ಕೊಂದರೆ ಅಷ್ಟು ಕರುಣೆ ಹುಟ್ಟುವುದಿಲ್ಲ, ಒಡಹುಟ್ಟಿದವರ ನಡುವೆ ನಡೆದರೆ ಹುಟ್ಟುತ್ತದೆ ಎಂದ ಅರಿಸ್ಟಾಟಲ್. ಅದಕ್ಕೆ ಗ್ರೀಸಿಗೆ ಹೋಗಬೇಕಿಲ್ಲ. ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆಂಬ ಮಾತು ಬಂದಾಗ ನಮ್ಮೂರ ಗಂಡಸರು ನಗುವುದಿಲ್ಲ. ಎರಡು ತೆಂಗಿನ ಮರದ ನಡುವಿನ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆದ ಮನೆಗಳು ಇಲ್ಲಿ ಎಷ್ಟಿಲ್ಲ! ಅಂಥ ಮನೆಯಲ್ಲಿ ವಾರಗಿತ್ತಿಯರು ಬಾವಿಕಟ್ಟೆಯ ಮೇಲೆ ಮಾತು ಬಿಟ್ಟು ವರ್ಷಗಳಾಗಿರುತ್ತವೆ. ಬದುವಿನ ಜಗಳದಲ್ಲಿ ಅವರನ್ನು ಯಾರೂ ಕೇಳಿರುವುದಿಲ್ಲ.

ದ್ರೌಪದಿಯನ್ನೂ ನಾನು ಬಿಟ್ಟು ಮಾತಾಡಲಾರೆ. ಅವಳ ಬಿಚ್ಚಿದ ಮುಡಿಯೇ ಈ ಎಲ್ಲ ರಕ್ತಕ್ಕೆ ಕಾರಣ ಎನ್ನುವಂತೆ ನಾಟಕದವರು ಮಾಡಿಬಿಡುತ್ತಾರೆ. ಸಭೆಗೆ ಎಳೆದು ತಂದವರನ್ನು ಮರೆತು, ಎಳೆಸಿಕೊಂಡವಳ ಕೂದಲಿನ ಮೇಲೆ ಹೊರೆ ಹೊರಿಸುವುದು ಬಹಳ ಸುಲಭ. ಮುಡಿ ಕಟ್ಟಿದ ಮೇಲೆ ಅವಳ ಐವರು ಮಕ್ಕಳೂ ಮಲಗಿದ್ದಲ್ಲೇ ಅಶ್ವತ್ಥಾಮನ ಕೈಗೆ ಸಿಕ್ಕರು ಎಂಬುದು ನಮ್ಮ ಹಳ್ಳಿಯ ನಾಟಕದಲ್ಲಿ ಬರುವುದೇ ಇಲ್ಲ. ಅಷ್ಟರಲ್ಲಿ ಮಂಗಳ ಹಾಡಿರುತ್ತಾರೆ.

ಆ ಅಶ್ವತ್ಥಾಮನನ್ನೇ ಶ್ರೀಕಂಠಯ್ಯನವರು ಮುಂದೆ ಕೈಗೆತ್ತಿಕೊಂಡರು. ಸೊಫೊಕ್ಲಿಸನ 'ಅಯಾಸ್' ನಾಟಕವನ್ನು ಹಿಡಿದು 'ಅಶ್ವತ್ಥಾಮನ್' ಬರೆದರು. ಮೂಲದಲ್ಲಿ ಅಯಾಸ್ ಹುಚ್ಚು ಆವೇಶದಲ್ಲಿ ಶತ್ರುಗಳೆಂದು ತಿಳಿದು ದನಕುರಿಗಳನ್ನು ಕಡಿಯುತ್ತಾನೆ. ಎಚ್ಚರವಾದಾಗ ನಾಚಿಕೆ ತಾಳಲಾರದೆ ಕತ್ತಿಯ ಮೇಲೆ ಬೀಳುತ್ತಾನೆ. ಕನ್ನಡದ ಅಶ್ವತ್ಥಾಮನೂ ಸಾಯುತ್ತಾನೆ. ಚಿರಂಜೀವಿಯನ್ನು ಸಾಯಿಸುವುದುಂಟೇ ಎಂದು ಆಕ್ಷೇಪ ಎದ್ದಿತು. ಪುರಾಣದ ಶಾಪವನ್ನು ನೋಡಿದರೆ, ಮೂರು ಸಾವಿರ ವರ್ಷ ಗಾಯ ಹೊತ್ತು ಅಲೆಯುವುದಕ್ಕಿಂತ ಆ ಸಾವು ಕಡಿಮೆ ಕ್ರೂರ ಎನ್ನಿಸುತ್ತದೆ ನನಗೆ.

ಅವರು ಭಾರ್ಗವಿ ಎಂಬ ಹೆಂಡತಿಯನ್ನೂ ಅವನಿಗೆ ಕೊಟ್ಟರು. ಭಾರತದ ಕಥೆಯಲ್ಲಿ ನಾವು ಅವಳ ದನಿ ಕೇಳಿದವರಲ್ಲ. ಗ್ರೀಕ್ ನಾಟಕದಲ್ಲಿ ಆ ಸ್ಥಾನದಲ್ಲಿರುವವಳು ಯುದ್ಧದಲ್ಲಿ ಸೆರೆಸಿಕ್ಕ ಟೆಕ್ಮೆಸ್ಸಾ. ಗಂಡನ ಹೆಣವನ್ನು ಮೊದಲು ಕಂಡವಳು ಅವಳೇ. ಹೂಳಬೇಕೋ ಬೇಡವೋ ಎಂದು ಗಂಡಸರು ಆಮೇಲೆ ಗಂಟೆಗಟ್ಟಲೆ ಕಿತ್ತಾಡುತ್ತಾರೆ. ಅವಳು ಅದಕ್ಕೆ ಮೊದಲೇ, ಯಾರ ಕಣ್ಣಿಗೂ ಬೀಳದಿರಲೆಂದು, ಅದರ ಮೇಲೆ ಬಟ್ಟೆ ಹೊದಿಸಿರುತ್ತಾಳೆ.